ಹಳೆಯ ಜೆಟ್ ವಿಮಾನಗಳ ಮಾದರಿ: ದೋಷ ಎಲ್ಲಿ ಹುಟ್ಟಿತು ಎಂದು ಪತ್ತೆ ಮಾಡುವುದು

ಬೋಯಿಂಗ್ 707, ಡಿ ಹ್ಯಾವಿಲ್ಯಾಂಡ್ ಕಾಮೆಟ್, ಕ್ಯಾರವೆಲ್, ವಿಸಿ-10, ಡಿಸಿ-8, ಟ್ರೈಡೆಂಟ್, ಬೋಯಿಂಗ್ 727. ಜೆಟ್ ಯುಗದ ಶುರುವಿನ ಈ ಪ್ರಯಾಣಿಕ ವಿಮಾನಗಳು ನೋಡೋಕೆ ಎಷ್ಟು ಚೆಂದವೋ, ಅವುಗಳ ಪ್ಲಾಸ್ಟಿಕ್ ಮಾದರಿಯನ್ನು ಚೊಕ್ಕವಾಗಿ ಕಟ್ಟುವುದು ಅಷ್ಟೇ ಕಷ್ಟ. ಯುದ್ಧವಿಮಾನದ ಮಾದರಿಯಲ್ಲಿ ಸಣ್ಣಪುಟ್ಟ ತಪ್ಪುಗಳನ್ನು ಮರೆಮಾಚುವ ಬಣ್ಣ, ಎಣ್ಣೆ ಕಲೆ, ಧೂಳು ಎಲ್ಲ ಸೇರಿ ಮುಚ್ಚಿಬಿಡುತ್ತವೆ. ಪ್ರಯಾಣಿಕ ವಿಮಾನಕ್ಕೆ ಆ ಅನುಕೂಲ ಇಲ್ಲ. ಮೇಲೆ ಹೊಳೆಯುವ ಬಿಳಿ, ನಡುವೆ ಮೂತಿಯಿಂದ ಬಾಲದವರೆಗೆ ಬಣ್ಣದ ಪಟ್ಟಿ, ಕೆಳಗೆ ಬರೀ ಲೋಹ. ಉದ್ದಕ್ಕೂ ನುಣುಪಾದ ಒಡಲು. ಕೂದಲೆಳೆಯಷ್ಟು ಏರುಪೇರಿದ್ದರೂ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ದೋಷ ಕಂಡ ತಕ್ಷಣ ಕೈ ಸ್ಯಾಂಡ್‌ಪೇಪರಿನ ಕಡೆ ಹೋಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಈ ಮಾದರಿಗಳಲ್ಲಿ ದೋಷ ಕಾಣಿಸುವ ಹಂತ ಒಂದು, ಹುಟ್ಟಿದ ಹಂತ ಇನ್ನೊಂದು. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರದ ಪದರ) ಹಾಕಿದಾಗ ಕಂಡ ತೊಂದರೆ ಬಣ್ಣದ ಹಂತದಲ್ಲಿ ಹುಟ್ಟಿರುತ್ತದೆ. ಬಣ್ಣದಲ್ಲಿ ಕಂಡದ್ದು ಅಂಟಿನಲ್ಲಿ ಹುಟ್ಟಿರುತ್ತದೆ. ಚಕ್ರ ಕೂರಿಸಿದ ದಿನ ಕಂಡದ್ದು ಒಡಲು ಮುಚ್ಚಿದ ದಿನವೇ ಒಳಗೆ ಸೇರಿಕೊಂಡಿರುತ್ತದೆ. ಕಂಡ ಜಾಗದಲ್ಲಷ್ಟೇ ತಿದ್ದಿದರೆ ಅದು ಮತ್ತೆ ಬರುತ್ತದೆ.

ಮುಟ್ಟುವ ಮೊದಲು ನೋಡಿ

ಒಂದು ಟಾರ್ಚ್, ಒಂದು ಸ್ಟೀಲ್ ಸ್ಕೇಲ್, ಒಂದು ಸಪಾಟಾದ ಗಾಜಿನ ಹಲಗೆ. ಪತ್ತೆ ಕೆಲಸಕ್ಕೆ ಇಷ್ಟು ಸಾಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೂತಿಯ ಹತ್ತಿರ ಹಿಡಿದು ಬೆಳಕು ಒಡಲನ್ನು ಸವರಿಕೊಂಡು ಬಾಲದ ಕಡೆ ಹೋಗುವಂತೆ ಬಿಡಿ. ನೇರ ಬೆಳಕಿನಲ್ಲಿ ಕಾಣದ ತಗ್ಗು ದಿಣ್ಣೆಗಳು ಈ ಓರೆ ಬೆಳಕಿನಲ್ಲಿ ನೆರಳು ಬಿಟ್ಟು ತೋರಿಸಿಕೊಳ್ಳುತ್ತವೆ. ಟ್ಯೂಬ್‌ಲೈಟಿನ ಪ್ರತಿಬಿಂಬವನ್ನೂ ನೋಡಿ. ಅದು ಒಡಲಿನ ಮೇಲೆ ನೇರ ಗೆರೆಯಾಗಿ ಹರಿದರೆ ಸರಿ. ಎಲ್ಲಾದರೂ ಬಾಗಿದರೆ, ಅಲ್ಲಿ ಜಾಸ್ತಿ ಉಜ್ಜಿ ಒಡಲಿನ ದುಂಡನೆಯ ಆಕಾರ ಹೋಗಿದೆ ಎಂದರ್ಥ.

ಅಳತೆಯ ಲೆಕ್ಕವೂ ತಲೆಯಲ್ಲಿರಲಿ. ಪ್ರಯಾಣಿಕ ವಿಮಾನಗಳ ಕಿಟ್‌ಗಳು (ಜೋಡಿಸಬೇಕಾದ ಬಿಡಿಭಾಗಗಳ ಪೆಟ್ಟಿಗೆಗಳು) ಹೆಚ್ಚಾಗಿ 1/144 ಪ್ರಮಾಣದಲ್ಲಿ ಬರುತ್ತವೆ. ಅಂದರೆ ಮಾದರಿಯ 1 ಮಿ.ಮೀ. ನಿಜವಾದ ವಿಮಾನದಲ್ಲಿ 14.4 ಸೆಂ.ಮೀ. ಬೋಯಿಂಗ್ 707-320ರ ಒಡಲು 3.76 ಮೀಟರ್ ಅಗಲ. ಮಾದರಿಯಲ್ಲಿ ಅದು ಬರೀ 26 ಮಿ.ಮೀ. ಅಷ್ಟು ಸಣ್ಣದರಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದರೆ ಸಣ್ಣ ಮಾತಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಕೆಲವು ದೋಷಗಳು ದೋಷಗಳೇ ಅಲ್ಲ. ಟ್ರೈಡೆಂಟಿನ ಮೂತಿಯ ಚಕ್ರ ಒಡಲಿನ ನಡುವೆ ಇಲ್ಲ ಎಂದು ಗಾಬರಿ ಬೀಳಬೇಡಿ. ನಿಜವಾದ ವಿಮಾನದಲ್ಲೇ ಅದು ನಡುಗೆರೆಯಿಂದ ಸುಮಾರು 61 ಸೆಂ.ಮೀ. ಎಡಕ್ಕೆ ಇದೆ, ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಮಾದರಿಯಲ್ಲಿ ಅದು 4 ಮಿ.ಮೀ. ಚಿಲ್ಲರೆ. ಡಿಸಿ-8ರ ಮೂತಿಯ ಕೆಳಗಿನ ಎರಡು ತೂತುಗಳು ಗಾಳಿ ಒಳಹೋಗುವ ದಾರಿ, ಅವನ್ನು ಪುಟ್ಟಿ ತುಂಬಿ ಮುಚ್ಚಬೇಡಿ. ಅನೇಕ 707ಗಳಲ್ಲಿ ಎಡ ತುದಿಯ ಎಂಜಿನ್ನಿನ ಮೇಲೆ ಉಬ್ಬು ಇರುವುದಿಲ್ಲ, ಉಳಿದವುಗಳ ಮೇಲೆ ಇರುತ್ತದೆ. ಕ್ಯಾರವೆಲ್ ಕಿಟಕಿಗಳು ಮೂಲೆ ದುಂಡಗಾದ ತ್ರಿಕೋನಗಳು. ಅದು ಅಚ್ಚಿನ ತಪ್ಪಲ್ಲ. ಹಾಗಾಗಿ ತಿದ್ದುವ ಮೊದಲು ನಿಮ್ಮ ಮಾದರಿ ಯಾವ ವಿಮಾನದ್ದೋ ಅದೇ ವಿಮಾನದ, ಅದೇ ಆವೃತ್ತಿಯ ಫೋಟೋ ಎದುರಿಗಿಡಿ.

ಮತ್ತೆ ಮತ್ತೆ ಮೇಲೇಳುವ ಜಾಯಿಂಟ್ ಗೆರೆ

ಅತಿ ಹೆಚ್ಚು ಕಾಡುವ ದೋಷ ಇದು. ಎಡ ಬಲ ಎರಡು ಹೋಳುಗಳನ್ನು ಅಂಟಿಸಿ, ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದಾಗ ಜಾಯಿಂಟ್ ಪೂರ್ತಿ ಮಾಯವಾಗಿತ್ತು. ಬಿಳಿ ಬಣ್ಣ ಒಣಗಿ ಕೆಲವು ವಾರ ಆದ ಮೇಲೆ ಒಡಲಿನ ನೆತ್ತಿಯ ಮೇಲೆ ಅದೇ ಗೆರೆ ಮತ್ತೆ ಬಂದಿದೆ. ಬಣ್ಣವನ್ನು ಬೈಯುವುದು ಬೇಡ, ಅದರ ತಪ್ಪೇನೂ ಇಲ್ಲ.

ಉಗುರಿನಿಂದ ಗೆರೆಯ ಮೇಲೆ ಅಡ್ಡಡ್ಡ ಎಳೆಯಿರಿ. ನಾಲ್ಕರಲ್ಲಿ ಒಂದು ಗೊತ್ತಾಗುತ್ತದೆ.

ಗೆರೆ ಮೆದುವಾಗಿ ಒಳಗೆ ತಗ್ಗಿದೆ, ಅಂಚು ಚೂಪಾಗಿಲ್ಲ, ಉಗುರು ಜಾರಿಕೊಂಡು ಇಳಿದು ಹತ್ತುತ್ತದೆ. ಹೀಗಿದ್ದರೆ ಕಾರಣ ಅಂಟಿನ ದ್ರಾವಕ. ಪ್ಲಾಸ್ಟಿಕ್ ಸಿಮೆಂಟ್ ಎನ್ನುವುದು ಪಾಲಿಸ್ಟೈರೀನನ್ನು (ಕಿಟ್‌ನ ಪ್ಲಾಸ್ಟಿಕ್ ಇದೇ) ಕರಗಿಸಿ ಒಂದಕ್ಕೊಂದು ಬೆಸೆಯುವ ವಸ್ತು. ಅದು ಹೊಕ್ಕ ಜಾಗದಲ್ಲಿ ಪ್ಲಾಸ್ಟಿಕ್ ಉಬ್ಬುತ್ತದೆ. ಮುಟ್ಟಿದರೆ ಗಟ್ಟಿ ಅನಿಸಿದರೂ ದ್ರಾವಕ ಒಳಗಿಂದ ಪೂರ್ತಿ ಹೊರಹೋಗಲು ಬಹಳ ಸಮಯ ಬೇಕು. ಉಬ್ಬಿದ ಸ್ಥಿತಿಯಲ್ಲೇ ಉಜ್ಜಿ ಸಮ ಮಾಡಿದರೆ, ಆಮೇಲೆ ಅದು ಕುಗ್ಗಿ ಕಾಲುವೆ ಬೀಳುತ್ತದೆ. ಹಸಿ ಗೋಡೆಗೆ ಸುಣ್ಣ ಬಳಿದ ಹಾಗೆ ಇದು, ಮೇಲೆ ಎಷ್ಟು ಸಲ ಬಳಿದರೂ ಒಳಗಿನ ತೇವ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಪುಟ್ಟಿಯಲ್ಲೂ ಇದೇ ಕಥೆ. ಟ್ಯೂಬಿನಿಂದ ಬರುವ ದ್ರಾವಕದ ಪುಟ್ಟಿ ಒಣಗಿದಂತೆ ಕುಗ್ಗುತ್ತದೆ. ದಪ್ಪಗೆ ಒಂದೇ ಸಲ ತುಂಬಿದರೆ ಇನ್ನೂ ಜಾಸ್ತಿ.

ಪರಿಹಾರ ಕಾಯುವುದೇ. ಒಡಲು ಅಂಟಿಸಿದ ಮೇಲೆ ಕನಿಷ್ಠ ಒಂದು ವಾರ ಪಕ್ಕಕ್ಕಿಡಿ. ಆ ಹೊತ್ತಿಗೆ ರೆಕ್ಕೆ, ಎಂಜಿನ್, ಚಕ್ರಗಳ ಕೆಲಸ ಮಾಡಬಹುದು. ಈಗಾಗಲೇ ಗೆರೆ ಬಂದಿದ್ದರೆ, ಅದು ಇನ್ನೂ ಆಳವಾಗುತ್ತಿದೆಯೇ ನೋಡಿ. ವಾರ ಬಿಟ್ಟು ಮತ್ತೆ ಟಾರ್ಚ್ ಹಿಡಿಯಿರಿ. ಬದಲಾವಣೆ ನಿಂತ ಮೇಲೆ ಮಾತ್ರ ತಿದ್ದಲು ಕೂರಿ.

ಗೆರೆ ಕೂದಲಿನಷ್ಟು ಸಣ್ಣಗೆ, ಚೂಪಾಗಿ, ಬಣ್ಣವನ್ನೇ ಸೀಳಿದಂತಿದೆ. ಆಗ ಒಡಲನ್ನು ಜಾಯಿಂಟಿನ ಎರಡೂ ಬದಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಗೆರೆ ಅಗಲವಾದರೆ ಅಥವಾ ಕಿರ್ ಎಂದು ಸದ್ದು ಬಂದರೆ ಅದು ಬಿರುಕು. ಹೋಳುಗಳು ಬಾಗಿದ್ದವು, ಟೇಪ್ ಸುತ್ತಿ ಬಲವಂತವಾಗಿ ಸೇರಿಸಲಾಗಿತ್ತು, ಆ ಬಿಗಿತ ಈಗ ಬಿಟ್ಟುಕೊಳ್ಳುತ್ತಿದೆ. 707ರಂಥ ಉದ್ದ ಒಡಲಿಗೆ ಒಳಗಿನಿಂದ ಆಧಾರ ಕಡಿಮೆ. ಹಿಡಿದು ಉಜ್ಜುವಾಗಲೂ ಅದು ಬಳುಕುತ್ತದೆ. ಇಂಥ ಬಿರುಕಿಗೆ ಮೇಲಿನಿಂದ ಪುಟ್ಟಿ ಬಳಿದು ಪ್ರಯೋಜನವೇ ಇಲ್ಲ. ಬಿರುಕನ್ನು ಚಾಕುವಿನ ತುದಿಯಿಂದ ಸ್ವಲ್ಪ ಅಗಲಿಸಿ, ತೆಳು ಸೂಪರ್ ಗ್ಲೂ ಒಳಗೆ ಹರಿಯಲು ಬಿಡಿ. ಮುಂದಿನ ಕಿಟ್‌ನಲ್ಲಿ ಅಂಟಿಸುವ ಮೊದಲೇ ಒಂದು ಹೋಳಿನ ಒಳ ಅಂಚಿಗೆ ಪ್ಲಾಸ್ಟಿಕ್ ಪಟ್ಟಿಯ ಸಣ್ಣ ತುಂಡುಗಳನ್ನು ಅರ್ಧ ಹೊರಚಾಚುವಂತೆ ಅಂಟಿಸಿ, ಎರಡು ಮೂರು ಕಡೆ ಅಡ್ಡಗೋಡೆಗಳನ್ನೂ ಕೂರಿಸಿ. ಇದು ಅರ್ಧ ಗಂಟೆಯ ಕೆಲಸ. ಒಡಲು ಉಳಿಯಲು ಇದಕ್ಕಿಂತ ಒಳ್ಳೆಯ ವಿಮೆ ನನಗೆ ಗೊತ್ತಿಲ್ಲ.

ಗೆರೆ ತಗ್ಗಿಲ್ಲ, ದಿಣ್ಣೆಯಾಗಿದೆ. ಆಗ ತುಂಬಿದ ವಸ್ತು ಪ್ಲಾಸ್ಟಿಕ್‌ಗಿಂತ ಗಟ್ಟಿ. ಸೂಪರ್ ಗ್ಲೂ ಹೊತ್ತು ಹೋದಂತೆ ಕಲ್ಲಿನಂತಾಗುತ್ತದೆ. ಹಾಕಿದ ಕೆಲವೇ ಗಂಟೆಗಳಲ್ಲಿ ಉಜ್ಜಿದರೆ ಪ್ಲಾಸ್ಟಿಕ್ ಜೊತೆಗೇ ಸಮನಾಗಿ ಸವೆಯುತ್ತದೆ. ಮಾರನೆಯ ದಿನಕ್ಕೆ ಬಿಟ್ಟರೆ ಪಕ್ಕದ ಪ್ಲಾಸ್ಟಿಕ್ ಮಾತ್ರ ಸವೆದು, ಗ್ಲೂ ನಡುವೆ ಏರಿ ನಿಲ್ಲುತ್ತದೆ. ಬರಿ ಬೆರಳಿನಿಂದ ಉಜ್ಜಬೇಡಿ. ಸ್ಯಾಂಡ್‌ಪೇಪರಿಗೆ ಗಟ್ಟಿ ಹಲಗೆಯ ತುಂಡು ಕೊಟ್ಟು ದಿಣ್ಣೆಯನ್ನು ಮಾತ್ರ ಇಳಿಸಿ, ಆಮೇಲೆ ಸ್ಪಂಜಿನ ಮೇಲೆ ಸುತ್ತಿ ದುಂಡಗೆ ಮಾಡಿ.

ಇನ್ನು ಉಗುರು ಒಂದೇ ಕಡೆಯಿಂದ ಎಳೆದಾಗ ತಡೆಯುತ್ತದೆ, ಇನ್ನೊಂದು ಕಡೆಯಿಂದ ಎಳೆದಾಗ ತಡೆಯುವುದಿಲ್ಲ ಎಂದರೆ ಅದು ಮೆಟ್ಟಿಲು. ಎರಡು ಹೋಳುಗಳು ಸಮಕ್ಕೆ ಕೂತಿಲ್ಲ. ಎತ್ತರದ ಬದಿಯನ್ನು ಉಜ್ಜಿ ಇಳಿಸಿ, ತಗ್ಗಿದ ಬದಿಗೆ ಪುಟ್ಟಿ ಹಾಕಬೇಡಿ.

ಯಾವುದೇ ತಿದ್ದುಪಡಿ ಆದರೂ ಮೇಲೆ ನೇರ ಬಿಳಿ ಹೊಡೆಯಬೇಡಿ. ಬಿಳಿ ಬಣ್ಣ ನೆರಳುಗಳನ್ನು ಮುಚ್ಚುವುದರಿಂದ ಪರೀಕ್ಷೆಗೆ ಅದರಷ್ಟು ಕೆಟ್ಟ ಬಣ್ಣ ಇಲ್ಲ. ಜಾಯಿಂಟಿನ ಮೇಲೆ ಮಾತ್ರ ತೆಳ್ಳಗೆ ಹೊಳಪು ಕಪ್ಪು ಹೊಡೆದು ನೋಡಿ. ಕಪ್ಪಿನಲ್ಲಿ ಕಾಣದ ಗೆರೆ ಬಿಳಿಯಲ್ಲೂ ಕಾಣುವುದಿಲ್ಲ.

ಬಾಲದ ಮೇಲೆ ಕೂರುವ ವಿಮಾನ

ಎಲ್ಲ ಮುಗಿದು ಚಕ್ರಗಳ ಮೇಲೆ ನಿಲ್ಲಿಸಿದರೆ ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ. ಎಂಜಿನ್ನುಗಳು ಹಿಂದಿರುವ ಎಲ್ಲ ವಿಮಾನಗಳಿಗೂ ಈ ಕಾಯಿಲೆ ಇದೆ. ಕ್ಯಾರವೆಲ್, ವಿಸಿ-10, ಟ್ರೈಡೆಂಟ್, 727, ಡಿಸಿ-9 ಎಲ್ಲವೂ ಈ ಗುಂಪಿನವು. ಕಿಟ್‌ಗೆ ನಾಚಿಕೆ ಪಡಬೇಕಾದ ವಿಷಯ ಇದಲ್ಲ. ನಿಜವಾದ ಇಲ್ಯೂಶಿನ್ ಐಎಲ್-62ಕ್ಕೇ, ಖಾಲಿ ನಿಂತಾಗ ಬಾಲ ಕೆಳಗಿಳಿಯಬಾರದು ಎಂದು, ಹಿಂಬದಿಯಲ್ಲಿ ಪುಟ್ಟ ಚಕ್ರಗಳಿರುವ ಒಂದು ಊರುಗೋಲು ಕೊಟ್ಟಿದ್ದರು!

ಕಾರಣ ತೂಕವೇ ಎಂದು ಎಲ್ಲರಿಗೂ ಗೊತ್ತು. ಆದರೆ ಯಾವ ತೂಕ, ಎಲ್ಲಿ, ಎಷ್ಟು ಎನ್ನುವುದನ್ನು ಪತ್ತೆ ಮಾಡಬೇಕು.

ಮೊದಲು ಮಾದರಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನೋ ಉರುಳಿದ ಸದ್ದು ಬಂದರೆ, ಮೂತಿಯಲ್ಲಿ ಅಂಟಿಸಿದ್ದ ತೂಕ ಬಿಟ್ಟುಕೊಂಡು ಹಿಂದಕ್ಕೆ ಹೋಗಿದೆ. ತೂಕ ಬೇಕಾದಷ್ಟು ಇದೆ, ಜಾಗ ತಪ್ಪಿದೆ. ಸದ್ದಿಲ್ಲದಿದ್ದರೆ ಮುಖ್ಯ ಚಕ್ರದ ಕಾಲುಗಳನ್ನು ಪಕ್ಕದಿಂದ ನೋಡಿ. ಅವು ಮುಂದಕ್ಕೆ ವಾಲಿವೆಯೇ? ಚಕ್ರ ನೆಲಕ್ಕೆ ತಾಗುವ ಬಿಂದು ಮುಂದೆ ಸರಿದಷ್ಟೂ ಬಾಲ ಭಾರವಾಗುತ್ತದೆ. ಮಾದರಿಯ ತೂಕ 100 ಗ್ರಾಂ ಎಂದುಕೊಳ್ಳಿ. ಚಕ್ರ ಬರೀ 2 ಮಿ.ಮೀ. ಮುಂದೆ ಹೋದರೂ, 8 ಸೆಂ.ಮೀ. ಮುಂದಿರುವ ಮೂತಿಯಲ್ಲಿ ಇನ್ನೂ 2.5 ಗ್ರಾಂ ಬೇಕಾಗುತ್ತದೆ. ಹಾಗಾಗಿ ಎಷ್ಟೋ ಸಲ ಕಾಲನ್ನು ನೆಟ್ಟಗೆ ಮಾಡಿದರೆ ಸಾಕು, ವಿಮಾನ ತಾನಾಗಿ ನಿಲ್ಲುತ್ತದೆ.

ಕಾಲೂ ಸರಿ, ಸದ್ದೂ ಇಲ್ಲ ಎಂದರೆ ತೂಕವೇ ಕಡಿಮೆ. ಮೂತಿಯ ಮೇಲೆ ಟೇಪಿನಿಂದ ಸಣ್ಣ ಪ್ಲಾಸ್ಟಿಕ್ ಚೀಲ ಅಂಟಿಸಿ, ಗಾಳದ ಸೀಸದ ಗುಂಡುಗಳನ್ನು ಒಂದೊಂದಾಗಿ ಹಾಕುತ್ತ ಹೋಗಿ. ಮೂತಿ ಕೆಳಗಿಳಿದ ಕ್ಷಣ ನಿಲ್ಲಿಸಿ ತೂಗಿ. ಅದಕ್ಕೆ ಕಾಲು ಭಾಗ ಸೇರಿಸಿ. ಗಾಜಿನ ಮೇಲೆ ನಿಂತು, ಸ್ವಲ್ಪ ಇಳಿಜಾರಿರುವ ಶೆಲ್ಫಿನ ಮೇಲೆ ಬೀಳುವ ಮಾದರಿ ಎಂದರೆ ಆ ಕಾಲು ಭಾಗ ಬಿಟ್ಟಿದ್ದರ ಫಲ.

ತೂಕ ಎಷ್ಟು ಮುಂದಿದೆ ಎನ್ನುವುದೂ ಅಷ್ಟೇ ಮುಖ್ಯ. ಮುಖ್ಯ ಚಕ್ರದಿಂದ 8 ಸೆಂ.ಮೀ. ಮುಂದೆ 10 ಗ್ರಾಂ ಸಾಕಾದರೆ, 4 ಸೆಂ.ಮೀ. ಮುಂದೆ ಅದೇ ಕೆಲಸಕ್ಕೆ 20 ಗ್ರಾಂ ಬೇಕು. ಜಾಗ ತೀರಾ ಕಡಿಮೆ ಇದ್ದರೆ ಟಂಗ್‌ಸ್ಟನ್ ಬಳಸಿ. ಅಷ್ಟೇ ಜಾಗದಲ್ಲಿ ಅದು ಸೀಸದ ಸುಮಾರು 1.7 ಪಟ್ಟು ತೂಗುತ್ತದೆ. ಈ ಲೆಕ್ಕವನ್ನು ಒಡಲು ಮುಚ್ಚುವ ಮೊದಲೇ, ಎಲ್ಲ ಭಾಗಗಳನ್ನು ಟೇಪಿನಿಂದ ಜೋಡಿಸಿ ಮಾಡಿದರೆ ಇನ್ನೂ ಒಳ್ಳೆಯದು. ಹಿಂದಿನ ಎಂಜಿನ್ನುಗಳನ್ನೂ ಬಾಲದ ರೆಕ್ಕೆಗಳನ್ನೂ ಟೇಪ್ ಮಾಡಲು ಮರೆಯಬೇಡಿ. ಭಾರವೆಲ್ಲ ಅಲ್ಲೇ ಇರುವುದು.

ಒಡಲು ಮುಚ್ಚಿ ಬಣ್ಣವೂ ಆಗಿಬಿಟ್ಟಿದ್ದರೆ? ಮೂತಿಯ ಚಕ್ರದ ಗೂಡಿನ ಚಾವಣಿಯಲ್ಲಿ ಸಣ್ಣ ತೂತು ಕೊರೆದು, ಮೂತಿ ಕೆಳಗೆ ಮಾಡಿ, ಸಣ್ಣ ಗುಂಡುಗಳನ್ನು ಸುರಿದು ಎಪಾಕ್ಸಿ (ಎರಡು ಭಾಗ ಬೆರೆಸಿ ಹಾಕುವ ಗಟ್ಟಿ ಅಂಟು) ಬಿಡಬಹುದು. ಸ್ವಲ್ಪ ಸ್ವಲ್ಪವೇ ಬಿಡಿ. ಎಪಾಕ್ಸಿ ಒಂದೇ ಕಡೆ ಜಾಸ್ತಿ ಸೇರಿದರೆ ಗಟ್ಟಿಯಾಗುವಾಗ ಬಿಸಿಯಾಗಿ ಮೂತಿಯ ಪ್ಲಾಸ್ಟಿಕನ್ನೇ ಸೊಟ್ಟ ಮಾಡುತ್ತದೆ. 707 ಅಥವಾ ಡಿಸಿ-8 ಆಗಿದ್ದರೆ ಒಳಗಿನ ಜೋಡಿ ಎಂಜಿನ್ನುಗಳು ರೆಕ್ಕೆಗಿಂತ ಮುಂದೆ ಚಾಚಿರುತ್ತವೆ, ಅವುಗಳ ಮುಂಭಾಗದಲ್ಲೂ ಸ್ವಲ್ಪ ತೂಕ ಅಡಗಿಸಬಹುದು. 727 ಮತ್ತು ಕ್ಯಾರವೆಲ್‌ಗೆ ಬಾಲದ ಕೆಳಗೆ ಇಳಿಯುವ ಮೆಟ್ಟಿಲು ಇತ್ತು. ಆ ಮೆಟ್ಟಿಲನ್ನು ಇಳಿಸಿದಂತೆ ಕಟ್ಟಿದರೆ ಅದೇ ಆಧಾರ. ನಿಲ್ದಾಣದಲ್ಲಿ ನಿಂತ ವಿಮಾನಕ್ಕೆ ಅದು ಸಹಜವಾಗಿಯೂ ಕಾಣುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ದೋಷವನ್ನು ಇಲ್ಲೇ ಹೇಳಬೇಕು. ಮಾದರಿ ಮುಗಿದು ಬಹಳ ಕಾಲದ ಮೇಲೆ ಮೂತಿಯ ಜಾಯಿಂಟ್ ಬಾಯಿ ಬಿಡುತ್ತದೆ. ಉಳಿದ ಒಡಲು ಸರಿ ಇದೆ, ಮೂತಿ ಮಾತ್ರ ಉಬ್ಬಿ ಸೀಳಿದೆ. ಒಳಗೆ ಇಣುಕಿದರೆ ಬಿಳಿ ಪುಡಿ ಕಂಡರೆ ಕಾರಣ ಖಚಿತ. ಸೀಸವನ್ನು ಬಿಳಿ ಫೆವಿಕಾಲ್ ಜಾತಿಯ ಅಂಟಿನಿಂದ ಕೂರಿಸಲಾಗಿದೆ. ಆ ಅಂಟಿನಿಂದ ಸಣ್ಣ ಪ್ರಮಾಣದಲ್ಲಿ ಅಸಿಟಿಕ್ ಆಮ್ಲ ಹೊರಬರುತ್ತದೆ. ಮುಚ್ಚಿದ ಜಾಗದಲ್ಲಿ ಅದು ಸೀಸವನ್ನು ತಿಂದು ಸೀಸದ ಕಾರ್ಬೊನೇಟ್ ಮಾಡುತ್ತದೆ. ಈ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಅದು ಒಳಗಿನಿಂದ ಒಡಲನ್ನು ತಳ್ಳುತ್ತದೆ. ಮೇಲಿನಿಂದ ಜಾಯಿಂಟ್ ತಿದ್ದುವುದು ವ್ಯರ್ಥ. ಮೂತಿ ತೆರೆದು ಸೀಸವನ್ನು ಪೂರ್ತಿ ತೆಗೆಯಲೇಬೇಕು. ಆ ಪುಡಿ ವಿಷ. ಕೈಗವಸು ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಊದಬೇಡಿ, ಆಮೇಲೆ ಕೈ ಚೆನ್ನಾಗಿ ತೊಳೆಯಿರಿ. ಹೊಸ ತೂಕವನ್ನು ಎಪಾಕ್ಸಿಯಲ್ಲೇ ಕೂರಿಸಿ.

ಒಂದು ರೆಕ್ಕೆ ಮೇಲೆ, ಒಂದು ಕೆಳಗೆ

ಮುಂದಿನಿಂದ ನೋಡಿದಾಗ ವಿಮಾನ ವಾಲಿದಂತಿದೆ. ರೆಕ್ಕೆಯನ್ನು ಕಿತ್ತುಹಾಕುವ ಮೊದಲು ಗಾಜಿನ ಹಲಗೆಯ ಮೇಲೆ ಇಟ್ಟು ನಾಲ್ಕು ಎತ್ತರ ಅಳೆಯಿರಿ. ರೆಕ್ಕೆಯ ಎರಡು ತುದಿ, ಬಾಲದ ಅಡ್ಡ ರೆಕ್ಕೆಯ ಎರಡು ತುದಿ.

ನಾಲ್ಕೂ ಒಂದೇ ಕಡೆಗೆ ವಾಲಿದ್ದರೆ ರೆಕ್ಕೆ ನಿರಪರಾಧಿ. ಚಕ್ರದ ಒಂದು ಕಾಲು ಗಿಡ್ಡ, ಅಥವಾ ತೂತಿನಲ್ಲಿ ಪೂರ್ತಿ ಕೂತಿಲ್ಲ. ಬಾಲ ಸಮ ಇದ್ದು ಮುಖ್ಯ ರೆಕ್ಕೆ ಮಾತ್ರ ಒಂದು ಕಡೆ ಏರಿ, ಇನ್ನೊಂದು ಕಡೆ ಅಷ್ಟೇ ಇಳಿದಿದ್ದರೆ ರೆಕ್ಕೆಯ ಪೀಠ ಓರೆಯಾಗಿದೆ. ಒಡಲೇ ತಿರುಚಿಕೊಂಡಿರಲೂಬಹುದು. ಅದನ್ನು ತಿಳಿಯಲು ಮೂತಿಯ ಹತ್ತಿರದ ಕಿಟಕಿ ಸಾಲೂ ಬಾಲದ ಹತ್ತಿರದ ಕಿಟಕಿ ಸಾಲೂ ಎಡಬಲ ಒಂದೇ ಎತ್ತರದಲ್ಲಿವೆಯೇ ನೋಡಿ. ಒಂದೇ ಒಂದು ತುದಿ ಮಾತ್ರ ಬೇರೆ ಎಂದರೆ ಆ ರೆಕ್ಕೆಯ ಏರುಕೋನ ತಪ್ಪಿದೆ. 707ರ ರೆಕ್ಕೆ ಬುಡದಿಂದ ತುದಿಗೆ 7 ಡಿಗ್ರಿ ಏರುತ್ತದೆ. 1/144ರಲ್ಲಿ ಒಂದೇ ಡಿಗ್ರಿ ತಪ್ಪಿದರೂ ತುದಿಯಲ್ಲಿ ಸುಮಾರು 2.5 ಮಿ.ಮೀ. ವ್ಯತ್ಯಾಸ ಬರುತ್ತದೆ.

ಬಾಗಿದ ಪ್ಲಾಸ್ಟಿಕನ್ನು ಅಂಟಿಸುವ ಮೊದಲಾದರೆ ಬಿಸಿ ನೀರಿನಲ್ಲಿ ಅದ್ದಿ ತಿದ್ದಬಹುದು. ಕುದಿಯುವ ನೀರು ಬೇಡ. ಪಾಲಿಸ್ಟೈರೀನ್ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ತೆಳು ಹಿಂಬದಿ ಅಂಚು ಕೈ ಮೀರಿ ಹೋಗುತ್ತದೆ. ಅಂಟಿಸಿದ ಮೇಲಾದರೆ ಜಾಯಿಂಟನ್ನು ಕೊಯ್ದು ಬಿಡಿಸುವುದೇ ಸರಿಯಾದ ದಾರಿ. ಬಗ್ಗಿಸಿ ಸರಿ ಮಾಡಿದ್ದು ನಿಲ್ಲುವುದಿಲ್ಲ.

ಎಂಜಿನ್ನುಗಳು ಹೊರಕ್ಕೆ ವಾಲಿದಂತೆ ಕಂಡರೆ ಅವುಗಳ ಕೊಂಡಿಗಳನ್ನು ರೆಕ್ಕೆಗೆ ಲಂಬವಾಗಿ ಅಂಟಿಸಲಾಗಿದೆ. ಅವು ನೆಲಕ್ಕೆ ಲಂಬವಾಗಿರಬೇಕು.

ಕಿಟಕಿ ಸಾಲು ಮತ್ತು ಬಣ್ಣದ ಪಟ್ಟಿ

ಡೆಕಾಲ್ ಒಣಗಿದ ಮೇಲೆ ಪಾರದರ್ಶಕ ಭಾಗದ ಅಡಿ ಬೆಳ್ಳಿಯಂಥ ಮಬ್ಬು ಕಾಣುತ್ತದೆ. ಸಿಲ್ವರಿಂಗ್ ಎನ್ನುತ್ತಾರೆ. ಅದು ಪದರದ ಅಡಿ ಸಿಕ್ಕಿಕೊಂಡ ಗಾಳಿ. ಎಲ್ಲಿ ಕಾಣುತ್ತಿದೆ ಎನ್ನುವುದರಲ್ಲೇ ಉತ್ತರ ಇದೆ. ಕಿಟಕಿಗಳ ನಡುವೆ ಎಲ್ಲ ಕಡೆ ಸಮವಾಗಿ ಹರಡಿದ್ದರೆ ಕೆಳಗಿನ ಬಣ್ಣ ಒರಟು. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ಡೆಕಾಲ್ ಹಾಕಲಾಗಿದೆ, ಅಥವಾ ಹೊಳಪು ಬಣ್ಣವೇ ದೂರದಿಂದ ಸಿಂಪಡಿಸಿ ಪುಡಿಪುಡಿಯಾಗಿದೆ. ಬಾಗಿಲಿನ ಗೆರೆ, ಪ್ಯಾನಲ್ ಗೆರೆಗಳ ಉದ್ದಕ್ಕೆ ಮಾತ್ರ ಇದ್ದರೆ ಬಣ್ಣ ಸರಿ ಇದೆ, ಡೆಕಾಲ್ ಗೆರೆಯೊಳಗೆ ಇಳಿದಿಲ್ಲ. ಈ ಎರಡನೆಯದು ಸುಲಭ. ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಡೆಕಾಲ್ ಮೆತ್ತಗಾಗಿಸುವ ದ್ರಾವಣ ಹಚ್ಚಿ, ಒಣಗಿದ ಮೇಲೆ ಮತ್ತೆ ಹಚ್ಚಿ. ಮೊದಲನೆಯದಕ್ಕೂ ಇದನ್ನೇ ಮಾಡಬಹುದು, ಆದರೆ ಪೂರ್ತಿ ಹೋಗುವುದಿಲ್ಲ. ಮನಸ್ಸು ಗಟ್ಟಿ ಮಾಡಿ ಟೇಪಿನಿಂದ ಕಿತ್ತು, ಹೊಳಪು ವಾರ್ನಿಷ್ ಹೊಡೆದು ಹೊಸ ಡೆಕಾಲ್ ಹಾಕುವುದೇ ಮೇಲು.

ಹಳೆಯ ಕಿಟ್‌ನ ಡೆಕಾಲ್ ನೀರಿಗೆ ಹಾಕಿದ ಕೂಡಲೇ ಚೂರುಚೂರಾಗುತ್ತದೆ. ಮೊದಲು ಹಾಳೆಯ ಮೂಲೆಯಲ್ಲಿರುವ, ನಿಮಗೆ ಬೇಡವಾದ ಒಂದು ತುಂಡನ್ನು ನೀರಿಗೆ ಹಾಕಿ ನೋಡಿ. ಅದು ಒಡೆದರೆ ಇಡೀ ಹಾಳೆಗೆ ಪಾರದರ್ಶಕ ವಾರ್ನಿಷ್ ಹೊಡೆದು ಒಣಗಿಸಿ. ಆದರೆ ಇನ್ನು ಪ್ರತಿ ಡೆಕಾಲನ್ನೂ ಅಂಚಿಗೆ ಸರಿಯಾಗಿ ಕತ್ತರಿಸಬೇಕು, ಏಕೆಂದರೆ ಹಾಳೆಯೆಲ್ಲ ಒಂದೇ ಪದರ ಆಗಿರುತ್ತದೆ. ಹಳದಿಯಾದ ಹಾಳೆಯನ್ನು ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಹಳದಿ ಎಷ್ಟೋ ಮಟ್ಟಿಗೆ ಇಳಿಯುತ್ತದೆ.

ಈ ವಿಮಾನಗಳ ಸೊಬಗೆಲ್ಲ ಪಟ್ಟಿಯಲ್ಲಿದೆ. ಪಟ್ಟಿ ಸೊಟ್ಟಗಾದರೆ ಇಡೀ ವಿಮಾನ ಸೊಟ್ಟ ಕಾಣುತ್ತದೆ. ಪತ್ತೆ ಹೀಗೆ. ಒಡಲನ್ನು ಸಮಕ್ಕೆ ಕೂರಿಸಿ, ಒಂದು ಕಟ್ಟಿಗೆ ತುಂಡಿನ ಮೇಲೆ ಪೆನ್ಸಿಲ್ ಅಡ್ಡ ಮಲಗಿಸಿ ಕಟ್ಟಿ, ಅದನ್ನು ಗಾಜಿನ ಮೇಲೆ ಜಾರಿಸುತ್ತ ವಿಮಾನದ ಸುತ್ತ ಹೋಗಿ. ಪೆನ್ಸಿಲ್ ತುದಿ ಪಟ್ಟಿಯ ಅಂಚಿನಿಂದ ಎಲ್ಲಿ ದೂರ ಆಗುತ್ತದೆ ನೋಡಿ. ಬಾಲದ ಕಡೆ ಹೋದಂತೆ ಎರಡೂ ಬದಿ ಸಮವಾಗಿ ದೂರವಾದರೆ, ಡೆಕಾಲ್ ಹಾಕುವಾಗ ಮಾದರಿ ಮಟ್ಟವಾಗಿ ಇರಲಿಲ್ಲ. ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ ಎಂದರೆ ಒಡಲು ಉರುಳಿದ ಸ್ಥಿತಿಯಲ್ಲಿತ್ತು. ಮೂತಿಯ ಸುತ್ತ ಮಾತ್ರ ಎಡಬಲದ ಪಟ್ಟಿಗಳು ಕೂಡುತ್ತಿಲ್ಲ ಎಂದರೆ ಮೂತಿಯ ಆಕಾರದಲ್ಲೇ ವ್ಯತ್ಯಾಸ ಇದೆ. ಉಜ್ಜಿ ಉಜ್ಜಿ ಮೂತಿ ಸಣ್ಣಗಾಗಿದೆ, ಇಲ್ಲವೇ ಡೆಕಾಲ್ ಬೇರೊಂದು ಕಂಪನಿಯ ಕಿಟ್‌ನ ಅಳತೆಗೆ ಮಾಡಿದ್ದು. ಇಂಥಲ್ಲಿ ಎಳೆದು ಕೂಡಿಸಲು ಹೋಗಬೇಡಿ. ಅಡ್ಡಲಾಗಿ ಕತ್ತರಿಸಿ, ಅಂತರ ಬಿಟ್ಟು, ಅದೇ ಬಣ್ಣ ಬೆರೆಸಿ ಕುಂಚದಿಂದ ತುಂಬಿ.

ಪಟ್ಟಿಯ ನಡುವೆ ಬಣ್ಣ ಎರಡು ಛಾಯೆಯಾಗಿ ಕಂಡರೆ, ಕೆಳಗಿನ ಬಿಳಿ ಮತ್ತು ಲೋಹದ ಗಡಿ ಪಟ್ಟಿಯ ಅಡಿ ಹಾದುಹೋಗಿದೆ. ಡೆಕಾಲ್ ಬಣ್ಣ ತೆಳು, ಕೆಳಗಿನದು ಕಾಣುತ್ತದೆ. ಪಟ್ಟಿಯ ಪೂರ್ತಿ ಅಗಲಕ್ಕೂ ಕೆಳಗೆ ಬಿಳಿ ಇರಲಿ, ಲೋಹದ ಗಡಿ ಪಟ್ಟಿಯ ಕೆಳ ಅಂಚಿಗೆ ಸರಿಯಾಗಿ ಬರಲಿ. ಕಿಟಕಿಗಳನ್ನು ಒಂದೊಂದಾಗಿ ಕತ್ತರಿಸಿ ಹಾಕುವವರಿಗೆ ಒಂದು ಮಾತು. 707ರಲ್ಲಿ ಕಿಟಕಿಗಳ ಅಂತರ 20 ಇಂಚು, 1/144ರಲ್ಲಿ ಸುಮಾರು 3.5 ಮಿ.ಮೀ. ಒಂದೊಂದರಲ್ಲೂ ಸ್ವಲ್ಪ ತಪ್ಪಿದರೆ ಸಾಲಿನ ಕೊನೆಯಲ್ಲಿ ಬಾಗಿಲಿಗೆ ಜಾಗವೇ ಇರುವುದಿಲ್ಲ. ಸುಮ್ನೆ ಉದ್ದ ಪಟ್ಟಿಯಾಗಿಯೇ ಹಾಕಿ.

ಕಾಕ್‌ಪಿಟ್ ಗಾಜಿನ ಒಳಗೆ ಬಿಳಿ ಮಂಜು ಕವಿದಿದ್ದರೆ ಅದು ಸೂಪರ್ ಗ್ಲೂ ಆವಿ. ಗಾಜು ಅಂಟಿಸಲು ಬಿಳಿ ಅಂಟೇ ಸರಿ. ಅಲ್ಲಿ ಸೀಸ ಇಲ್ಲವಲ್ಲ.

ಲೋಹದ ಹೊಳಪು ಮತ್ತು ಬಿಳಿ

ಬರೀ ಲೋಹದಂತೆ ಕಾಣುವ ಹೊಟ್ಟೆ ಮತ್ತು ರೆಕ್ಕೆಗಳು ಹಿಂದಿನ ಎಲ್ಲ ಹಂತಗಳ ಲೆಕ್ಕವನ್ನೂ ಬಿಚ್ಚಿಡುತ್ತವೆ. ಹೊಳಪಿಲ್ಲದೆ ಬೂದಿ ಬಣ್ಣದಂತೆ ಕಂಡರೆ, ಲೋಹದ ಬಣ್ಣಕ್ಕೆ ಅಡಿಪಾಯವಾಗಿ ಹೊಡೆದ ಕಪ್ಪು ಪದರಕ್ಕೇ ಹೊಳಪಿರಲಿಲ್ಲ. ಮರಳಿನಂತೆ ಒರಟಾದರೆ ಏರ್‌ಬ್ರಷ್ (ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ದೂರ ಇತ್ತು, ಬಣ್ಣ ಗಾಳಿಯಲ್ಲೇ ಒಣಗಿ ಬಂದು ಬಿತ್ತು. ಸಣ್ಣ ಬಿರುಕುಗಳ ಬಲೆ ಎದ್ದರೆ ಪೂರ್ತಿ ಒಣಗದ ಎನಾಮೆಲ್ (ನಿಧಾನ ಒಣಗುವ ಎಣ್ಣೆ ಜಾತಿಯ ಬಣ್ಣ) ಮೇಲೆ ಲ್ಯಾಕರ್ (ಬೇಗ ಒಣಗುವ, ಕಟು ದ್ರಾವಕದ ಬಣ್ಣ) ಹೊಡೆಯಲಾಗಿದೆ. ಗೀರುಗಳು ಕಂಡರೆ ಸ್ಯಾಂಡ್‌ಪೇಪರಿನ ನಡುವಿನ ನಂಬರುಗಳನ್ನು ಬಿಟ್ಟು ಒರಟಿನಿಂದ ನೇರ ನುಣುಪಿಗೆ ಹಾರಲಾಗಿದೆ. ಮಾಸ್ಕಿಂಗ್ ಟೇಪಿನ ಜೊತೆ ಬಣ್ಣ ಪ್ಲಾಸ್ಟಿಕ್‌ವರೆಗೂ ಎದ್ದು ಬಂದರೆ, ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಅಥವಾ ಕೈಯ ಎಣ್ಣೆ ಹಾಗೇ ಉಳಿದಿತ್ತು. ಪಾತ್ರೆ ತೊಳೆಯುವ ಸೋಪಿನಿಂದ ಮೊದಲೇ ತೊಳೆದಿದ್ದರೆ ಸಾಕಿತ್ತು. ಯಾವ ಬಣ್ಣದ ಮೇಲೆ ಯಾವುದು ನಿಲ್ಲುತ್ತದೆ ಎನ್ನುವುದನ್ನು ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡುವ ಅಭ್ಯಾಸ ಒಳ್ಳೆಯದು. ಅದಕ್ಕೂ ಒಡಲಿನ ಹಾಗೇ ದುಂಡನೆಯ ಮೈ ಇದೆ.

ಬಿಳಿ ಬಣ್ಣ ಕಾಲ ಕಳೆದಂತೆ ಹಳದಿಯಾದರೆ, ಎನಾಮೆಲ್ ಬಿಳಿ ಅಥವಾ ಎನಾಮೆಲ್ ವಾರ್ನಿಷ್ ಕಾರಣ. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೆ ಅದು ಇನ್ನೂ ಬೇಗ ಹಳದಿಯಾಗುತ್ತದೆ. ವಾರ್ನಿಷ್ ಮಾತ್ರ ಹಳದಿಯೋ, ಬಣ್ಣವೇ ಹಳದಿಯೋ ಎಂದು ತಿಳಿಯಲು ಹೊಟ್ಟೆಯ ಕೆಳಗೆ ಬೆರಳ ತುದಿಯಷ್ಟು ಜಾಗವನ್ನು ನುಣುಪು ಸ್ಯಾಂಡ್‌ಪೇಪರಿನಿಂದ ಒದ್ದೆ ಮಾಡಿ ಉಜ್ಜಿ ನೋಡಿ. ಅಡಿ ಬೆಳ್ಳಗಿದ್ದರೆ ವಾರ್ನಿಷ್ ತೆಗೆದರೆ ಸಾಕು.

ಒಂದೇ ಮಾದರಿಯಲ್ಲಿ ಹಲವು ದೋಷ ಸೇರಿದ್ದರೆ ತಿದ್ದುವ ಕ್ರಮ ಮುಖ್ಯ. ಮೊದಲು ಮೂತಿಯ ತೂಕ ಮತ್ತು ಚಕ್ರ, ಆಮೇಲೆ ರೆಕ್ಕೆ, ಆಮೇಲೆ ಜಾಯಿಂಟ್, ಕೊನೆಗೆ ಬಣ್ಣ ಮತ್ತು ಡೆಕಾಲ್. ರೆಕ್ಕೆ ಕೊಯ್ದು ಕೂರಿಸುವಾಗ ಜಾಯಿಂಟ್ ಮತ್ತೆ ಬಿಡಬಹುದು, ಹಾಗಾಗಿ ಜಾಯಿಂಟಿಗೆ ಮೊದಲು ಕೈ ಹಾಕಬೇಡಿ. ಎಲ್ಲವನ್ನೂ ತಿದ್ದಲೇಬೇಕು ಎಂದೂ ಇಲ್ಲ. ಹೊಟ್ಟೆಯ ಕೆಳಗಿನ ಗೆರೆ ಬಿರುಕಲ್ಲದಿದ್ದರೆ ಬಿಟ್ಟುಬಿಡಬಹುದು. ಚಕ್ರದ ಮೇಲೆ ನಿಂತ ವಿಮಾನದಲ್ಲಿ ಅದು ನೆರಳಿನಲ್ಲಿರುತ್ತದೆ. ನೆತ್ತಿಯ ಗೆರೆಯನ್ನು ಮಾತ್ರ ಬಿಡಬೇಡಿ.